ಕಾರ್ಖಾನೆಗೆ ಹೋದ ಡಾಕ್ಟರಮ್ಮ: ಆಲಿಸ್ ಹ್ಯಾಮಿಲ್ಟನ್



ನಮ್ಮ ವಾರ್ಷಿಕ ಪುಸ್ತಿಕೆಯಲ್ಲಿ ಒಬ್ಬ ಹಿರಿಯರ ಜೀವನಚಿತ್ರ ಇರಲೇಬೇಕು ಅನ್ನೋದು ಪದ್ಧತಿ. ಈ ಸಲ ಸರ್ ಎಂ.ವಿ. ಬಗ್ಗೆ ಬರೆಯೋಣ ಅಂತಲೇ ಕೂತಿದ್ದೆವು. ಇಂಜಿನಿಯರಿಂಗ್ ಓದಿದವರಿಗೆ ಅದಕ್ಕಿಂತ ಸುಲಭದ ಆಯ್ಕೆ ಇನ್ನೇನಿದೆ? ಅಷ್ಟರಲ್ಲಿ ಲ್ಯಾಬಿನಲ್ಲಿ ಒಂದು ಬಾಟಲಿ ಒಡೆಯಿತು.

ಎರಡೂವರೆ ಲೀಟರಿನ ಟಾಲುಯೀನ್ ಬಾಟಲಿ. ಜಾರಿದ್ದು ನಮ್ಮ ಕೈಯಿಂದಲೇ, ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಪೇಂಟ್ ಅಂಗಡಿಯ ಥಿನ್ನರ್ ವಾಸನೆ ಒಂದೇ ಕ್ಷಣದಲ್ಲಿ ಕೋಣೆಯೆಲ್ಲ ತುಂಬಿಕೊಂಡಿತು. ಮನೆಯಲ್ಲಿ ಒಗ್ಗರಣೆ ಸೀದಾಗ ಏನು ಮಾಡ್ತೀವೋ ಅದನ್ನೇ ಮಾಡಲು ಹೊರಟೆವು: ಫ್ಯಾನ್ ಸ್ವಿಚ್ಚಿಗೆ ಕೈ ಚಾಚಿದೆವು. ಲ್ಯಾಬ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಇಲ್ಲಿಯ ರೂಢಿಯಂತೆ ಮ್ಜೀ ಅಂತ ಕರೆಯುತ್ತೇವೆ, ಅಂದರೆ ಹಿರಿಯರು, ಯಜಮಾನರು. ಅವರು ಓಡಿಬಂದು ನಮ್ಮ ಮಣಿಕಟ್ಟು ಹಿಡಿದುಬಿಟ್ಟರು. ಸ್ವಿಚ್ ಮುಟ್ಟಲು ಬಿಡಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು, ಗ್ಯಾಸ್ ವಾಲ್ವ್ ಮುಚ್ಚಿದರು, ಕಿಟಕಿ ತೆರೆದರು, ಆಮೇಲೆ ತಾವೂ ಹೊರಗೆ ಬಂದು ಕಾದರು. ವಾಸನೆ ಕಡಿಮೆಯಾದ ಮೇಲೆ ಗ್ಲೌಸ್ ಹಾಕಿಕೊಂಡು ಒಳಗೆ ಹೋಗಿ ಮರಳು ಸುರಿದು, ಅದನ್ನು ಬಳಿದು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿದರು. ಸಿಂಕಿಗೆ ಒಂದು ಹನಿಯನ್ನೂ ಹೋಗಗೊಡಲಿಲ್ಲ.

ಸ್ವಿಚ್ ಒತ್ತಿದಾಗ ಒಳಗೆ ಹಾರುವ ಸಣ್ಣ ಕಿಡಿ ಸಾಕಾಗಿತ್ತಂತೆ. ಟಾಲುಯೀನ್ ಆವಿ ಹೊತ್ತಿಕೊಳ್ಳಲು ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದ್ದರೂ ಸಾಕು, ಅಂದರೆ ಫ್ರಿಜ್ಜಿನೊಳಗಿನ ಚಳಿಯಲ್ಲೂ ಅದು ಹತ್ತಿಕೊಳ್ಳಬಲ್ಲದು. ಬಿ.ಇ. ನಾಲ್ಕು ವರ್ಷ ಓದಿದ್ದೆವು. ಸುರಕ್ಷತೆಯ ಪಾಠಕ್ಕೆ ಸಿಕ್ಕಿದ್ದು ಕೊನೆಯ ಸೆಮಿಸ್ಟರಿನ ಅರ್ಧ ಅಧ್ಯಾಯ, ಅದೂ ಚಾಯ್ಸ್‌ನಲ್ಲಿ ಬಿಡಬಹುದಾದದ್ದು. ನಾವು ಬಿಟ್ಟಿದ್ದೆವು.

ಅವತ್ತು ರಾತ್ರಿ ತಲೆನೋವಿನಲ್ಲೇ ಕೂತು, ಇದನ್ನೆಲ್ಲ ಮೊದಲು ಯಾರು ಕಂಡುಹಿಡಿದು ಬರೆದಿಟ್ಟರು ಅಂತ ಹುಡುಕಿದೆವು. ಹಾಗೆ ಸಿಕ್ಕವರು ಆಲಿಸ್ ಹ್ಯಾಮಿಲ್ಟನ್. ಸರ್ ಎಂ.ವಿ. ಅವರು ದೊಡ್ಡವರು, ಮುಂದಿನ ವರ್ಷದವರೆಗೆ ಕಾಯುತ್ತಾರೆ.

ಆಲಿಸ್ ಹುಟ್ಟಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಇಂಡಿಯಾನಾದ ಫೋರ್ಟ್ ವೇನ್ ಎಂಬ ಊರಿನಲ್ಲಿ, ಅಜ್ಜಿ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಎಲ್ಲ ಅಕ್ಕಪಕ್ಕದಲ್ಲೇ ಇದ್ದ ದೊಡ್ಡ ಕುಟುಂಬದಲ್ಲಿ. ನಮ್ಮ ಕಡೆಯ ವಠಾರದ ಹಾಗೆ ಅಂದುಕೊಳ್ಳಿ, ಸ್ವಲ್ಪ ಶ್ರೀಮಂತ ವಠಾರ. ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತರು. ಅಕ್ಕ ಈಡಿತ್ ಮುಂದೆ ಗ್ರೀಕ್ ಪುರಾಣಗಳ ಬಗ್ಗೆ ಬರೆದು ತಂಗಿಗಿಂತ ಹೆಚ್ಚು ಹೆಸರು ಮಾಡಿದಳು. ತಂದೆಯ ಕಿರಾಣಿ ವ್ಯಾಪಾರ ಮುಳುಗಿದ ಮೇಲೆ ಹುಡುಗಿಯರು ತಮ್ಮ ಅನ್ನ ತಾವೇ ಸಂಪಾದಿಸಬೇಕಾಯಿತು. ಆಲಿಸ್ ವೈದ್ಯಕೀಯ ಆರಿಸಿಕೊಂಡಳು. ಡಾಕ್ಟರ್ ಆದರೆ ಯಾವ ಊರಿಗೆ ಹೋದರೂ, ಯಾವ ಕೇರಿಗೆ ಹೋದರೂ ಉಪಯೋಗಕ್ಕೆ ಬರಬಹುದು ಅನ್ನುವುದು ಅವಳ ಲೆಕ್ಕಾಚಾರ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎಂ.ಡಿ. ಮುಗಿಸಿ, ಜರ್ಮನಿಯ ಲೈಪ್ಸಿಗ್ ಮತ್ತು ಮ್ಯೂನಿಕ್‌ಗೆ ಹೋದಳು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಗಂಡು ವಿದ್ಯಾರ್ಥಿಗಳ ಕಣ್ಣಿಗೆ ಬೀಳದ ಹಾಗೆ ಇದ್ದರೆ ತರಗತಿಯಲ್ಲಿ ಕೂರಬಹುದು ಅಂತ ಒಂದು ರಿಯಾಯಿತಿ ಮಾತ್ರ. ಪರದೇಶದಲ್ಲಿ ಓದುವ ಕಷ್ಟ ನಮಗೂ ಗೊತ್ತು, ವೀಸಾ ಕ್ಯೂನಲ್ಲಿ ನಿಂತಿದ್ದೇವೆ. ಆದರೆ ಕಾಣದ ಹಾಗೆ ಓದು ಅಂತ ನಮಗೆ ಯಾರೂ ಹೇಳಿಲ್ಲ.

1897ರಲ್ಲಿ ಷಿಕಾಗೋಗೆ ಬಂದು ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಯೊಂದರಲ್ಲಿ ರೋಗಶಾಸ್ತ್ರದ ಪಾಠ ಹೇಳಲು ಸೇರಿದರು. ಇನ್ನು ಮುಂದೆ ಬಹುವಚನವೇ ಬಳಸುತ್ತೇವೆ, ಪಾಠ ಹೇಳುವವರಾದರಲ್ಲ. ವಾಸಕ್ಕೆ ಆರಿಸಿಕೊಂಡದ್ದು ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್. ಇಟಲಿ, ಪೋಲೆಂಡ್, ಗ್ರೀಸ್, ರಷ್ಯಾಗಳಿಂದ ಹೊಟ್ಟೆಪಾಡಿಗೆ ಬಂದವರ ಬಡ ಕೇರಿಯ ಮಧ್ಯದಲ್ಲಿದ್ದ ಆ ಮನೆಯಲ್ಲಿ ಓದಿದ ಹೆಂಗಸರು ಬಂದು ನೆಲೆಸಿ, ಅಕ್ಕಪಕ್ಕದವರ ಜೊತೆಗೇ ಬದುಕುತ್ತಿದ್ದರು. ಆಲಿಸ್ ಅಲ್ಲಿ 22 ವರ್ಷ ಇದ್ದರು. ಶಿಶುಗಳಿಗೆ ಸ್ನಾನ ಮಾಡಿಸುವ, ತೂಕ ನೋಡುವ ಒಂದು ಕ್ಲಿನಿಕ್ ನಡೆಸಿದರು. ತಾಯಂದಿರ ಮಾತು ಕೇಳುತ್ತಾ ಕೇಳುತ್ತಾ ಗಂಡಂದಿರ ಕಥೆಯೂ ಕಿವಿಗೆ ಬಿತ್ತು: ಸೀಸದ ಕಾರ್ಖಾನೆಗೆ ಹೋದವನ ಮಣಿಕಟ್ಟು ಜೋತುಬಿದ್ದದ್ದು, ಉಕ್ಕಿನ ಕಾರ್ಖಾನೆಗೆ ಹೋದವನು ಇಂಗಾಲದ ಗಾಳಿ ಕುಡಿದು ಬಿದ್ದದ್ದು.

ಒಂದು ಎಡವಟ್ಟಿನ ಕಥೆಯನ್ನೂ ಹೇಳಬೇಕು, ಯಾಕೆಂದರೆ ಅವರ ಮೇಲೆ ನಮಗೆ ಗೌರವ ಹೆಚ್ಚಿದ್ದು ಅಲ್ಲೇ. 1902ರಲ್ಲಿ ಷಿಕಾಗೋದಲ್ಲಿ ವಿಷಮಶೀತ ಜ್ವರ ಹಬ್ಬಿತು. ಹಲ್ ಹೌಸ್ ಸುತ್ತಮುತ್ತ ಅದರ ಹಾವಳಿ ಜಾಸ್ತಿ. ಆಲಿಸ್ ಬಯಲು ಕಕ್ಕಸುಗಳ ನೊಣ ಹಿಡಿದು ಪರೀಕ್ಷಿಸಿ, ನೊಣದಿಂದಲೇ ಜ್ವರ ಹರಡಿತು ಅಂತ ಪ್ರಬಂಧ ಬರೆದರು. ಭಾರೀ ಹೆಸರು ಬಂತು, ನಗರದ ಆರೋಗ್ಯ ಇಲಾಖೆಯಲ್ಲಿ ಬದಲಾವಣೆಯೂ ಆಯಿತು. ಆಮೇಲೆ ಗೊತ್ತಾಯಿತು, ನಿಜವಾದ ಕಾರಣ ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿದ್ದು, ಅದನ್ನು ಸಂಬಂಧಪಟ್ಟವರು ಮುಚ್ಚಿಟ್ಟಿದ್ದರು. ಹೊಗಳಿಕೆ ತಂದ ಪ್ರಬಂಧ ತಪ್ಪಾಗಿತ್ತು ಅನ್ನುವುದನ್ನು ಆಲಿಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದರು.

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರದ ಆಯೋಗವೊಂದು ದುಡಿಮೆಯಿಂದ ಬರುವ ರೋಗಗಳ ಸಮೀಕ್ಷೆ ಕೈಗೊಂಡಿತು. ಅದರ ಕೆಲಸ ಇವರ ಹೆಗಲಿಗೆ ಬಿತ್ತು. ಅಮೆರಿಕದಲ್ಲಿ ಅಂಥ ಸಮೀಕ್ಷೆ ಅದೇ ಮೊದಲು. ಯೂರೋಪಿನಲ್ಲಿ ಪುಸ್ತಕಗಳಿದ್ದವು, ಕಾನೂನುಗಳಿದ್ದವು. ಅಮೆರಿಕದಲ್ಲಿ ಮಾತ್ರ ನಮ್ಮ ಕಾರ್ಖಾನೆಗಳು ಚೆನ್ನಾಗಿವೆ, ಇಲ್ಲಿ ಅಂಥ ರೋಗ ಇಲ್ಲ ಅನ್ನುವ ನಂಬಿಕೆ. ಆಲಿಸ್ ಆಸ್ಪತ್ರೆಯ ದಾಖಲೆ ತಿರುವಿದರು, ಔಷಧಿ ಅಂಗಡಿಯವರನ್ನು, ಪಾದ್ರಿಗಳನ್ನು, ಕಾರ್ಮಿಕ ಮುಖಂಡರನ್ನು ಕೇಳಿದರು, ಕೊನೆಗೆ ಮನೆಮನೆಗೆ ನಡೆದರು. ಒಂದು ಕಾರ್ಖಾನೆಯಲ್ಲಿ ಸ್ನಾನದ ತೊಟ್ಟಿಗೆ ಎನಾಮಲ್ ಹಚ್ಚುವುದನ್ನು ಚೊಕ್ಕಟವಾಗಿ ತೋರಿಸಿದರು, ಸೀಸದ ಸುಳಿವೇ ಇರಲಿಲ್ಲ. ಆಮೇಲೆ ಪೋಲಿಷ್ ಕೆಲಸಗಾರನೊಬ್ಬನ ಮನೆಗೆ ಹೋದಾಗ ಗೊತ್ತಾಯಿತು, ಕೆಂಪಗೆ ಕಾದ ತೊಟ್ಟಿಯ ಮೇಲೆ ಎನಾಮಲ್ ಪುಡಿ ಜರಡಿ ಹಿಡಿಯುವ ಜಾಗ ಬೇರೆಯೇ ಇತ್ತು, ಅದನ್ನು ಇವರಿಗೆ ತೋರಿಸಿರಲಿಲ್ಲ. ಸೀಸ ಇದ್ದದ್ದು ಆ ಪುಡಿಯಲ್ಲಿ. ಸಮೀಕ್ಷೆ ಮುಗಿಯುವಾಗ 578 ಸೀಸವಿಷದ ಪ್ರಕರಣಗಳು ದಾಖಲಾಗಿದ್ದವು, 1911ರಲ್ಲಿ ರಾಜ್ಯ ಕಾನೂನೂ ಬಂತು.

ಆಗಿನ ಮಾಲೀಕರು ಹೇಳುತ್ತಿದ್ದುದು ಏನಪ್ಪಾ ಅಂದ್ರೆ, ಕೆಲಸಗಾರರು ಕೈ ತೊಳೆಯದೆ ಊಟ ಮಾಡ್ತಾರೆ, ಕುಡೀತಾರೆ, ಅದಕ್ಕೇ ಕಾಯಿಲೆ. ಆಲಿಸ್ ತೋರಿಸಿಕೊಟ್ಟದ್ದು, ವಿಷ ಒಳಗೆ ಹೋಗುವುದು ಮುಖ್ಯವಾಗಿ ಉಸಿರಿನ ಮೂಲಕ. ಹಾಗಾದರೆ ತಪ್ಪು ಕೈಯದ್ದಲ್ಲ, ಗಾಳಿಯದ್ದು. ಗಾಳಿಯನ್ನು ಶುಚಿಯಾಗಿಡುವುದು ಕೆಲಸಗಾರನ ಕೈಲಿ ಇಲ್ಲ, ಕಾರ್ಖಾನೆ ಕಟ್ಟಿದವನ ಕೈಲಿದೆ. ಇಂಜಿನಿಯರುಗಳಾದ ನಮಗೆ ಇದು ನೇರವಾಗಿ ತಾಗುತ್ತದೆ. ಊರಿನ ಕಾರ್ಖಾನೆಗಳಲ್ಲಿ ಧೂಳಿನ ಕೆಲಸ ಮಾಡುವವರಿಗೆ ಒಂದು ಅಚ್ಚು ಬೆಲ್ಲ ಕೊಟ್ಟು ಕೈತೊಳೆದುಕೊಳ್ಳುವುದನ್ನು ನಮ್ಮಲ್ಲಿ ಕೆಲವರು ಇಂಟರ್ನ್‌ಶಿಪ್‌ನಲ್ಲಿ ಕಣ್ಣಾರೆ ನೋಡಿದ್ದೇವೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಶ್ವಾಸಕೋಶಕ್ಕೆ.

ಅವರ ಹತ್ತಿರ ಯಾವ ಅಧಿಕಾರವೂ ಇರಲಿಲ್ಲ ಅನ್ನುವುದನ್ನು ಗಮನಿಸಿ. 1911ರಿಂದ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆಗೆ ಕೆಲಸ ಮಾಡಿದರೂ ಸಂಬಳ ಇಲ್ಲ, ವರದಿ ಕೊಟ್ಟರೆ ಅದಕ್ಕೆ ದುಡ್ಡು. ಕಾರ್ಖಾನೆಯ ಬಾಗಿಲು ತೆರೆಸುವ ಹಕ್ಕೂ ಇಲ್ಲ. ಹೋಗಿ ವಿನಯದಿಂದ ಕೇಳುವುದು, ಒಳಗೆ ಬಿಟ್ಟರೆ ನೋಡುವುದು, ನೋಡಿದ್ದನ್ನು ಮೊದಲು ಮಾಲೀಕನಿಗೇ ಹೇಳುವುದು. ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ಎಂಬ ದೊಡ್ಡ ಅಧಿಕಾರಿಗೆ ನಿಮ್ಮಲ್ಲಿ ಜನ ವಿಷದಿಂದ ನರಳುತ್ತಿದ್ದಾರೆ ಅಂದಾಗ ಆತನಿಗೆ ಸಿಟ್ಟೇ ಬಂತು. ಆದರೆ ಪುರಾವೆ ತಂದರೆ ಸರಿಮಾಡುತ್ತೇನೆ ಅಂತ ಮಾತು ಕೊಟ್ಟ. ಆಲಿಸ್ ಆಸ್ಪತ್ರೆ ಆಸ್ಪತ್ರೆ ತಿರುಗಿ 22 ಜನರ ದಾಖಲೆ ತಂದಿಟ್ಟರು. ಆತ ಮಾತಿಗೆ ತಪ್ಪಲಿಲ್ಲ, ಧೂಳು ಹೀರುವ ವ್ಯವಸ್ಥೆ ಮಾಡಿಸಿದ, ಡಾಕ್ಟರುಗಳನ್ನು ನೇಮಿಸಿದ. ಎಲ್ಲರೂ ಹಾಗಿರಲಿಲ್ಲ ಬಿಡಿ.

ಮೊದಲ ಮಹಾಯುದ್ಧ ಬಂದಾಗ ಮದ್ದುಗುಂಡಿನ ಕಾರ್ಖಾನೆಗಳು ರಾತ್ರೋರಾತ್ರಿ ಎದ್ದವು, ವಿಳಾಸ ಗುಟ್ಟು. ಆಲಿಸ್ ಆಕಾಶದಲ್ಲಿ ಏಳುವ ಹಳದಿ ಕಿತ್ತಳೆ ಬಣ್ಣದ ಹೊಗೆಯನ್ನು ನೋಡಿಕೊಂಡೇ ದಾರಿ ಹಿಡಿಯುತ್ತಿದ್ದರು. ಪಿಕ್ರಿಕ್ ಆಮ್ಲ ಮೆತ್ತಿ ಮೈ ಕೈ ಕೂದಲೆಲ್ಲ ಹಳದಿಯಾದ ಕೆಲಸಗಾರರನ್ನು ಜನ ಕ್ಯಾನರಿ ಹಕ್ಕಿಗಳು ಅಂತ ಕರೆಯುತ್ತಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ಅಂಥವರು ಕಂಡರೆ ಮಾತಾಡಿಸಿ, ಅವರಿಂದ ಕಾರ್ಖಾನೆಯ ಸುಳಿವು ಹಿಡಿಯುವುದು.

ಈಗ ನಮ್ಮ ಒಡೆದ ಬಾಟಲಿಯ ಸೋದರ ಸಂಬಂಧಿಯ ವಿಷಯಕ್ಕೆ ಬರೋಣ. ಬೆಂಜೀನ್. ಮೈಕೆಲ್ ಫ್ಯಾರಡೇ 1825ರಲ್ಲಿ ಬೇರ್ಪಡಿಸಿದ ಈ ದ್ರವ ರಬ್ಬರು, ಎಣ್ಣೆ, ಅಂಟು, ಬಣ್ಣ ಎಲ್ಲವನ್ನೂ ಕರಗಿಸುತ್ತದೆ, ಬೇಗ ಆರುತ್ತದೆ, ವಾಸನೆಯೂ ಸಿಹಿ. ಕಾರ್ಖಾನೆಗೆ ಇನ್ನೇನು ಬೇಕು? ಕಲ್ಲಿದ್ದಲಿನಿಂದ ಕೋಕ್ ಮಾಡುವಾಗ ಬೆಂಜೀನ್, ಟಾಲುಯೀನ್ ಎರಡೂ ಬರುತ್ತವೆ. ಯುದ್ಧಕ್ಕೆ ಟಿ.ಎನ್.ಟಿ. ಮಾಡಲು ಟಾಲುಯೀನ್ ಬೇಕಾಗಿತ್ತು, ಹಾಗಾಗಿ ಕೋಕ್ ಒಲೆಗಳಿಂದ ಇವನ್ನು ಹಿಡಿದಿಡುವ ಘಟಕಗಳನ್ನು ಬೇಕಾಬಿಟ್ಟಿ ಕಟ್ಟಿದರು. ಯುದ್ಧ ಮುಗಿಯಿತು. ರಾಶಿ ರಾಶಿ ಅಗ್ಗದ ಬೆಂಜೀನ್‌ಗೆ ಗಿರಾಕಿ ಹುಡುಕಬೇಕಾಯಿತು. ಟೈರು, ಕೃತಕ ಚರ್ಮ, ವಾರ್ನಿಷ್, ಚಪ್ಪಲಿಯ ಅಂಟು, ಡಬ್ಬದ ಮುಚ್ಚಳದ ರಬ್ಬರು, ಎಲ್ಲದಕ್ಕೂ ಅದು ಹೊಕ್ಕಿತು.

ಅದು ಏನು ಮಾಡುತ್ತದೆ ಅನ್ನುವುದು ಆಗಲೇ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. 1897ರಲ್ಲೇ ಸ್ವೀಡನ್ನಿನ ಉಪ್ಸಲಾದಲ್ಲಿ ಸೈಕಲ್ ಟೈರಿನ ಕಾರ್ಖಾನೆಯ ಹುಡುಗಿಯರು ಸತ್ತಿದ್ದು ವರದಿಯಾಗಿತ್ತು, 1910ರಲ್ಲಿ ಬಾಲ್ಟಿಮೋರಿನ ಡಬ್ಬ ತಯಾರಿಕೆಯ ಹುಡುಗಿಯರದ್ದು. ಬೆಂಜೀನ್ ಎರಡು ರೀತಿ ಕೊಲ್ಲುತ್ತದೆ. ಒಮ್ಮೆಗೇ ತುಂಬಾ ಕುಡಿದರೆ ತಲೆ ಸುತ್ತು, ಅಮಲು, ಪ್ರಜ್ಞೆ ತಪ್ಪುವುದು, ಉಸಿರು ನಿಲ್ಲುವುದು. ದಿನಾ ಸ್ವಲ್ಪ ಸ್ವಲ್ಪ ಕುಡಿದರೆ ಮೂಳೆಯ ಮಜ್ಜೆ ಸೋಲುತ್ತದೆ. ರಕ್ತ ತಯಾರಾಗುವುದೇ ನಿಂತು, ವಸಡಿನಲ್ಲಿ ರಕ್ತ ಒಸರುತ್ತದೆ, ಚರ್ಮದ ಮೇಲೆ ನೇರಳೆ ಮಚ್ಚೆಗಳು ಏಳುತ್ತವೆ. ಅದು ರಕ್ತದ ಕ್ಯಾನ್ಸರನ್ನೂ ತರುತ್ತದೆ ಅನ್ನುವುದು ಆಮೇಲಿನ ದಶಕಗಳಲ್ಲಿ ಖಚಿತವಾಯಿತು. ಆಲಿಸ್ 1915ರಲ್ಲೇ ರಬ್ಬರ್ ಉದ್ಯಮದ ವಿಷಗಳ ಬಗ್ಗೆ ವರದಿ ಕೊಟ್ಟಿದ್ದರು. 1922ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ, ಬೆಂಜೀನ್ ಅಪಾಯ ದಿನೇ ದಿನೇ ಹೆಚ್ಚುತ್ತಿದೆ ಅಂತ ಶೀರ್ಷಿಕೆಯಲ್ಲೇ ಸಾರಿದರು.

ಇಲ್ಲಿ ನೈರೋಬಿಯಲ್ಲಿ ಕರಿಯೋಕೋರ್ ಅಂತ ಒಂದು ಮಾರುಕಟ್ಟೆ ಇದೆ, ಚರ್ಮದ ಚಪ್ಪಲಿಗೆ ಹೆಸರುವಾಸಿ. ಅದೇ ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸಾಮಾನು ಹೊತ್ತ ಆಫ್ರಿಕನ್ ಕೂಲಿಗಳ ಕ್ಯಾರಿಯರ್ ಕೋರ್ ಎಂಬ ಪಡೆಯ ಹೆಸರು ಜನರ ಬಾಯಲ್ಲಿ ಕರಿಯೋಕೋರ್ ಆಗಿದೆ. ಅಲ್ಲಿಯ ಕುಶಲಕರ್ಮಿಗಳು, ಇಲ್ಲಿಯ ಮಾತಿನಲ್ಲಿ ಫುಂಡಿಗಳು, ಅಂಟಿನ ಡಬ್ಬಿ ತೆರೆದಿಟ್ಟುಕೊಂಡು ಬೆರಳಲ್ಲೇ ಬಳಿದು ಅಟ್ಟೆ ಅಂಟಿಸುತ್ತಾರೆ. ನಾವು ಹೋಗಿ ಕೂತು ಮಾತಾಡಿಸಿದ ಒಬ್ಬರು ಹಿರಿಯರು, ಸಂಜೆ ಹೊತ್ತಿಗೆ ತಲೆ ಭಾರ ಆಗುತ್ತದೆ, ಮಳೆಗಾಲದಲ್ಲಿ ಬಾಗಿಲು ಮುಚ್ಚಿಕೊಂಡರೆ ಇನ್ನೂ ಜಾಸ್ತಿ ಅಂದರು. ಡಬ್ಬಿಯ ಮೇಲೆ ಏನಿದೆ ಅಂತ ಓದಲು ಹೋದರೆ ಅರ್ಧ ಅಕ್ಷರ ಅಂಟಿನಡಿ ಹೂತುಹೋಗಿತ್ತು. ಹೊರಗೆ ರಸ್ತೆಯಲ್ಲಿ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇದೇ ಅಂಟು ಇಟ್ಟುಕೊಂಡು ಮೂಗಿಗೆ ಹಿಡಿದು ನಡೆಯುವ ಹುಡುಗರು. ನೈರೋಬಿಯಲ್ಲಿ ಇರುವವರಿಗೆಲ್ಲ ಗೊತ್ತಿರುವ, ನೋಡಿಯೂ ನೋಡದ ದೃಶ್ಯ. ನಾವೂ ಅವತ್ತಿನ ತನಕ ನೋಡದವರೇ.

ಆಲಿಸ್ ಇಂಥ ಕಡೆ ಹೇಳುತ್ತಿದ್ದುದರ ಕ್ರಮವನ್ನು ಅರ್ಥ ಮಾಡಿಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ. ಮೊದಲ ಪ್ರಶ್ನೆ, ಈ ವಿಷವೇ ಬೇಕಾ? ಬೆಂಜೀನ್ ಬದಲು ಕಡಿಮೆ ಕೆಟ್ಟದ್ದನ್ನು ಬಳಸಬಹುದಾದರೆ ಬದಲಿಸಿ. (ಟಾಲುಯೀನ್ ಹಾಗೆ ಬಂದದ್ದೇ. ಅದು ನರಗಳಿಗೆ ಕೆಟ್ಟದ್ದು, ಆದರೆ ಮಜ್ಜೆಯನ್ನು ಬೆಂಜೀನಿನ ಹಾಗೆ ತಿನ್ನುವುದಿಲ್ಲ.) ಬದಲಿಸಲು ಆಗದಿದ್ದರೆ ಪಾತ್ರೆ ಮುಚ್ಚಿ. ಮುಚ್ಚಲು ಆಗದಿದ್ದರೆ ಆವಿ ಏಳುವ ಜಾಗದಲ್ಲೇ ಅದನ್ನು ಎಳೆದು ಹೊರಹಾಕಿ. ಬೆಂಜೀನ್ ಆವಿ ಗಾಳಿಗಿಂತ 2.7 ಪಟ್ಟು ಭಾರ, ನೆಲದ ಮೇಲೆ ಹಾಸಿಕೊಳ್ಳುತ್ತದೆ, ಆದ್ದರಿಂದ ಛಾವಣಿಯ ಫ್ಯಾನಿನಿಂದ ಉಪಯೋಗ ಕಡಿಮೆ. ಕೆಲಸಗಾರರ ರಕ್ತ ಆಗಾಗ ಪರೀಕ್ಷಿಸಿ. ಮುಖವಾಡ ಎಲ್ಲಕ್ಕಿಂತ ಕೊನೆಗೆ. ನಮ್ಮ ಕಡೆ ಇದು ಪೂರ್ತಿ ಉಲ್ಟಾ: ಮೊದಲು ಮುಖವಾಡ ಹಂಚುತ್ತೇವೆ, ಫೋಟೋ ತೆಗೆಸುತ್ತೇವೆ, ಕೆಲಸ ಮುಗಿಯಿತು. ಬಟ್ಟೆಯ ಮಾಸ್ಕಿಗಂತೂ ಸಾಲ್ವೆಂಟ್ ಆವಿ ಕ್ಯಾರೇ ಅನ್ನುವುದಿಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವುದೇ ಬೇಕು. ವಾಸನೆ ಬಂದರೆ ಎಚ್ಚರವಾಗುತ್ತೇವೆ ಅನ್ನುವ ಧೈರ್ಯವೂ ಬೇಡ. ಬೆಂಜೀನಿನ ವಾಸನೆ ಮೂಗಿಗೆ ಸರಿಯಾಗಿ ತಿಳಿಯುವಷ್ಟರಲ್ಲಿ ಈಗಿನ ಸುರಕ್ಷಿತ ಮಿತಿ ದಾಟಿರುತ್ತದೆ, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಂಡೂ ಬಿಡುತ್ತದೆ.

ಮತ್ತೆ ಅವಘಡ. ಆ ಕಾಲದ ಬೆಂಜೀನ್ ಸಾವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಚಿತ್ರವಿದೆ: ಟ್ಯಾಂಕ್ ತೊಳೆಯಲು ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಊರಿನ ಮ್ಯಾನ್‌ಹೋಲ್ ಸುದ್ದಿಗಳನ್ನು ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ಅನಿಲ ಬೇರೆ, ಸಾಯುವ ಕ್ರಮ ಅದೇ. ಒಳಗೆ ಬಿದ್ದವನು ಅಣ್ಣನೇ ಆಗಿರಲಿ ತಮ್ಮನೇ ಆಗಿರಲಿ, ಹೊರಗಿನಿಂದ ಗಾಳಿ ಕೊಡುವ ಉಪಕರಣವಿಲ್ಲದೆ ಇಳಿಯಬಾರದು. ಇಳಿಯುವ ಮೊದಲೇ ಸೊಂಟಕ್ಕೆ ಹಗ್ಗ, ಮೇಲೆ ಹಗ್ಗ ಹಿಡಿದ ಒಬ್ಬ. ಹೊರಗೆ ತಂದ ಮೇಲೆ ಗಾಳಿ ಬರುವ ಕಡೆ ಮಲಗಿಸಿ, ನೆನೆದ ಬಟ್ಟೆ ಕೂಡಲೇ ಬಿಚ್ಚಿ, ಚರ್ಮವನ್ನು ಸೋಪು ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು, ಹದಿನೈದು ನಿಮಿಷ ಬಿಡದೆ. ನುಂಗಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳೇ ಅಭ್ಯಾಸ. ಸಾಲ್ವೆಂಟ್ ವಿಷಯದಲ್ಲಿ ಅದು ಬೇಡವೇ ಬೇಡ, ವಾಂತಿಯಲ್ಲಿ ಒಂದಿಷ್ಟು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದಾಗುತ್ತದೆ. ನೇರ ಆಸ್ಪತ್ರೆಗೆ, ಡಬ್ಬಿಯ ಲೇಬಲ್ ಸಮೇತ.

ಚೆಲ್ಲಿದ್ದು ಚರಂಡಿಗೆ ಹೋಗಬಾರದು ಅಂತ ಮ್ಜೀ ಯಾಕೆ ಅಷ್ಟು ಹಟ ಹಿಡಿದರು ಅನ್ನುವುದಕ್ಕೆ ಈ ಊರಿನದೇ ಉತ್ತರ ಇದೆ. 2011ರ ಸೆಪ್ಟೆಂಬರ್ 12, ಸೋಮವಾರ ಬೆಳಿಗ್ಗೆ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಪೈಪ್‌ಲೈನಿನಿಂದ ಸೋರಿದ ಪೆಟ್ರೋಲ್ ಚರಂಡಿ ಹಿಡಿದು ಸಿನಾಯ್ ಎಂಬ ಕೊಳೆಗೇರಿಗೆ ಹರಿಯಿತು. ಜನ ಬಕೆಟ್ಟು, ಕ್ಯಾನು ಹಿಡಿದು ತುಂಬಿಕೊಳ್ಳಲು ಬಂದರು. ಬೆಂಕಿ ಹತ್ತಿತು. ಸುಮಾರು ನೂರು ಜನ ಸತ್ತರು. ಆವಿ ಕಣ್ಣಿಗೆ ಕಾಣದೆ ತಗ್ಗು ಹುಡುಕಿಕೊಂಡು ಹೋಗುತ್ತದೆ, ಎಲ್ಲೋ ದೂರದ ಒಲೆಯಿಂದ ಬೆಂಕಿ ಹಿಡಿದುಕೊಂಡು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಹತ್ತಿಕೊಂಡ ಮೇಲೆ ನೀರು ಎರಚುವುದೂ ತಪ್ಪು, ಬೆಂಜೀನ್, ಪೆಟ್ರೋಲ್ ಎರಡೂ ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡುತ್ತವೆ. ನೊರೆ ಅಥವಾ ಒಣಪುಡಿ ಬೇಕು. ಅದಿಲ್ಲದಿದ್ದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಎತ್ತರದ ಕಡೆಗೆ ಓಡುವುದೇ ಸರಿ.

1919ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಈ ವಿಷಯ ಕಲಿಸುವವರನ್ನು ಹುಡುಕಿದಾಗ ಅಮೆರಿಕದಲ್ಲಿ ಆಲಿಸ್‌ಗಿಂತ ಹೆಚ್ಚು ಬಲ್ಲವರು ಇರಲಿಲ್ಲ. ಹಾಗಾಗಿ ಹಾರ್ವರ್ಡಿಗೆ ಮೊದಲ ಮಹಿಳಾ ಅಧ್ಯಾಪಕಿ ಬಂದರು. ಷರತ್ತು ಮೂರು: ಅಧ್ಯಾಪಕರ ಕ್ಲಬ್ಬಿಗೆ ಕಾಲಿಡಬಾರದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಬಾರದು, ಫುಟ್‌ಬಾಲ್ ಟಿಕೆಟ್ ಕೇಳಬಾರದು. ಅವರೂ ತಮ್ಮದೊಂದು ಷರತ್ತು ಹಾಕಿದರು, ವರ್ಷದಲ್ಲಿ ಅರ್ಧ ಕಾಲ ಮಾತ್ರ ಪಾಠ, ಮಿಕ್ಕ ಕಾಲ ತಮ್ಮ ಕಾರ್ಖಾನೆ ಓಡಾಟ ಮತ್ತು ಹಲ್ ಹೌಸ್. 1925ರಲ್ಲಿ ಕೈಗಾರಿಕಾ ವಿಷಗಳ ಬಗ್ಗೆ ಅಮೆರಿಕದ ಮೊದಲ ಪಠ್ಯಪುಸ್ತಕ ಬರೆದರು. ಆದರೂ 1935ರಲ್ಲಿ ನಿವೃತ್ತರಾಗುವಾಗ ಅವರು ಸಹಾಯಕ ಪ್ರಾಧ್ಯಾಪಕಿಯೇ. ಹದಿನಾರು ವರ್ಷದಲ್ಲಿ ಒಂದು ಬಡ್ತಿ ಇಲ್ಲ.

ಅದೇ 1925ರ ಮೇ ತಿಂಗಳಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ವಿಚಾರವಾಗಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿತು. ಕಾರ್ಖಾನೆಯೊಳಗಿನ ಸೀಸವನ್ನೇ ಹಿಡಿಯಲು ಇಷ್ಟು ಕಷ್ಟವಾಗಿರುವಾಗ ಅದನ್ನು ಬೀದಿಬೀದಿಗೆ ಚೆಲ್ಲಿದರೆ ಗತಿಯೇನು ಅನ್ನುವುದು ಆಲಿಸ್ ವಾದ. ಸೋತರು. ಸೀಸದ ಪೆಟ್ರೋಲ್ ಜಗತ್ತೆಲ್ಲ ಹರಡಿತು. ಭಾರತದಲ್ಲಿ ಅದು ನಿಂತದ್ದು 2000ದಲ್ಲಿ, ಇಲ್ಲಿ ಸಹಾರಾದ ಕೆಳಗಿನ ಆಫ್ರಿಕಾದಲ್ಲಿ 2006ರ ಆರಂಭಕ್ಕೆ. ಜಗತ್ತಿನ ಕೊನೆಯ ದೇಶವಾದ ಅಲ್ಜೀರಿಯಾವೂ ಬಿಟ್ಟಿತು ಅಂತ 2021ರ ಆಗಸ್ಟ್ 30ರಂದು ಘೋಷಿಸಿದ್ದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ. ಅದರ ಕೇಂದ್ರ ಕಚೇರಿ ನಮ್ಮ ನೈರೋಬಿಯ ಗಿಗಿರಿಯಲ್ಲೇ ಇದೆ, ಮತಾಟು ಹತ್ತಿದರೆ ಗೇಟಿನ ಹತ್ತಿರವೇ ಇಳಿಸುತ್ತಾರೆ. ಆಲಿಸ್ ಎದ್ದು ನಿಂತು ಬೇಡ ಅಂದದ್ದಕ್ಕೂ ಈ ಘೋಷಣೆಗೂ ನಡುವೆ 96 ವರ್ಷ.

ನಿವೃತ್ತಿ ಆದ ಮೇಲೆ ಸುಮ್ಮನೆ ಕೂತರಾ? ಇಲ್ಲ. 1937, 38ರಲ್ಲಿ, ಎಪ್ಪತ್ತರ ಹತ್ತಿರ, ಇನ್ನೊಂದು ಸಾಲ್ವೆಂಟಿನ ಬೆನ್ನು ಹತ್ತಿದರು: ಕಾರ್ಬನ್ ಡೈಸಲ್ಫೈಡ್. ಮರದ ತಿರುಳನ್ನು ಕರಗಿಸಿ ರೇಯಾನ್ ನೂಲು ಮಾಡಲು ಇದು ಬೇಕು. ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ತಯಾರಾಗುವುದೂ ಅದೇ ಜಾತಿಯ ವಿಸ್ಕೋಸ್ ನಾರು, ದಾವಣಗೆರೆ ಕಡೆಯವರಿಗೆ ಗೊತ್ತಿರುತ್ತದೆ. ಈ ದ್ರವದ ಗುಣ ವಿಚಿತ್ರ. ಕಿಡಿಯೂ ಬೇಡ, ಸುಮಾರು 90, 100 ಡಿಗ್ರಿ ಬಿಸಿ ಇರುವ ಉಗಿ ಪೈಪು ತಾಗಿದರೂ ಆವಿ ಹತ್ತಿಕೊಳ್ಳಬಹುದು. ಬೆಂಜೀನಿನ ಹಾಗಲ್ಲದೆ ಇದು ನೀರಿಗಿಂತ ಭಾರ, ಅದಕ್ಕೇ ಮೇಲೆ ನೀರಿನ ಪದರ ನಿಲ್ಲಿಸಿ ಕಾಪಾಡುತ್ತಾರೆ. ಮನುಷ್ಯನಿಗೆ ಹೊಕ್ಕರೆ ನರಗಳಿಗೂ ಮನಸ್ಸಿಗೂ ಒಟ್ಟಿಗೆ ಪೆಟ್ಟು. ಕಾಲು ಸೋಲುತ್ತದೆ, ಕಾರಣವಿಲ್ಲದ ಸಿಟ್ಟು, ಸಂಶಯ, ಭ್ರಮೆ. ಪೆನ್ಸಿಲ್ವೇನಿಯಾದ ರೇಯಾನ್ ಕಾರ್ಖಾನೆಗಳ ಕೆಲಸಗಾರರು ಮಾನಸಿಕ ಆಸ್ಪತ್ರೆಗಳಲ್ಲಿದ್ದರು, ಮನೆಯವರು ಇವನಿಗೆ ಹುಚ್ಚು ಅಂದುಕೊಂಡಿದ್ದರು. ಆಲಿಸ್ ಜೊತೆಗಾರ ವೈದ್ಯರನ್ನು ಕಟ್ಟಿಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಹುಚ್ಚಲ್ಲ, ಕೆಲಸದ ಜಾಗದ ಗಾಳಿ ಅಂತ ತೋರಿಸಿದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯ ಮೂರನೇ ಅನುಸೂಚಿಯಲ್ಲಿ, ಕಂಡರೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿ ಇತ್ತು. ಬೆಂಜೀನ್ ವಿಷ, ಕಾರ್ಬನ್ ಬೈಸಲ್ಫೈಡ್ ವಿಷ ಎರಡೂ ಅದರಲ್ಲಿದ್ದವು. ಕೀನ್ಯಾದಲ್ಲಿ ಇಂಥದ್ದಕ್ಕೆ 2007ರ ಕಾಯಿದೆ ಇದೆ. ಚಾಯ್ಸ್‌ನಲ್ಲಿ ಬಿಟ್ಟ ಅರ್ಧ ಅಧ್ಯಾಯದಲ್ಲಿ ಇದೂ ಇತ್ತೋ ಏನೋ.

ಕೊನೆಯ ದಶಕಗಳನ್ನು ಅವರು ಕನೆಟಿಕಟ್‌ನ ಹ್ಯಾಡ್ಲೈಮ್ ಎಂಬ ಹಳ್ಳಿಯಲ್ಲಿ, ನದಿ ದಂಡೆಯ ಮನೆಯಲ್ಲಿ ಅಕ್ಕತಂಗಿಯರ ಜೊತೆ ಕಳೆದರು. ಮದುವೆ ಆಗಲಿಲ್ಲ. 1943ರಲ್ಲಿ ಆತ್ಮಕಥೆ ಬಂತು. 1970ರ ಸೆಪ್ಟೆಂಬರ್ 22ರಂದು ತೀರಿಕೊಂಡಾಗ ಅವರಿಗೆ 101 ವರ್ಷ. ಮೂರು ತಿಂಗಳ ನಂತರ, ಡಿಸೆಂಬರ್ 29ರಂದು, ಕಾರ್ಖಾನೆಯ ಬಾಗಿಲು ತೆರೆಸುವ ಹಕ್ಕನ್ನು ಸರ್ಕಾರದ ತಪಾಸಣಾಧಿಕಾರಿಗಳಿಗೆ ಕೊಟ್ಟ ರಾಷ್ಟ್ರಮಟ್ಟದ ಸುರಕ್ಷತಾ ಕಾಯಿದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿತ್ತು. ಬೆಂಜೀನ್ ಮಿತಿಯನ್ನು ಗಾಳಿಯ ಹತ್ತು ಲಕ್ಷ ಪಾಲಿಗೆ ಒಂದು ಪಾಲು ಅಂತ ಅಲ್ಲಿ ಕೊನೆಗೂ ನಿಲ್ಲಿಸಿದ್ದು 1987ರಲ್ಲಿ, ಅದೂ ಸುಪ್ರೀಂ ಕೋರ್ಟಿನವರೆಗೆ ಹೋಗಿ ಒಮ್ಮೆ ಬಿದ್ದು ಎದ್ದ ಮೇಲೆ.

ನಮ್ಮ ಲ್ಯಾಬಿನಲ್ಲಿ ಈಗ ಸಾಲ್ವೆಂಟ್ ಬೀರುವಿನ ಪಕ್ಕ ಮರಳು ತುಂಬಿದ ಕೆಂಪು ಬಕೆಟ್ ಎರಡಾಗಿದೆ, ದೊಡ್ಡ ಬಾಟಲಿಗಳನ್ನು ಮೇಲಿನ ಹಲಗೆಯಿಂದ ಕೆಳಗೆ ಇಳಿಸಿದ್ದೇವೆ, ಒಯ್ಯುವಾಗ ಪ್ಲಾಸ್ಟಿಕ್ ಬುಟ್ಟಿಯಲ್ಲೇ ಒಯ್ಯಬೇಕು ಅಂತ ಮ್ಜೀ ಆಜ್ಞೆ. ಕರಿಯೋಕೋರಿನ ಹಿರಿಯರಿಗೆ ಕಿರಿದಾದ ಬಾಯಿಯ, ಮುಚ್ಚಳ ತಾನೇ ಬೀಳುವ ಅಂಟಿನ ಡಬ್ಬಿ ಒಂದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿ ಕೊಟ್ಟೆವು. ಒಂದು ವಾರ ಬಳಸಿ, ಬ್ರಷ್ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ವಾಪಸ್ ಕೊಟ್ಟಿದ್ದಾರೆ. ಬಾಯಿ ಎರಡು ಬೆರಳು ಅಗಲ ಮಾಡಿ ಈ ಶನಿವಾರ ಮತ್ತೆ ತೆಗೆದುಕೊಂಡು ಹೋಗುತ್ತಿದ್ದೇವೆ. ಫ್ಯಾನ್ ಸ್ವಿಚ್ಚಿನ ಮೇಲೆ ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಚೆಲ್ಲಿದಾಗ ಮುಟ್ಟಬೇಡಿ ಅಂತ ಕನ್ನಡದಲ್ಲೂ ಬರೆದಿದ್ದೇವೆ. ಓದುವವರು ನಾವು ಮೂರೇ ಜನ.